ತುಮಕೂರಿನಲ್ಲಿ ಹಿತ್ತಲಿನ ಮರ ತೆಗೆಸಲು ಎಷ್ಟು ಖರ್ಚಾಗುತ್ತದೆ? ಬೇರೆ ದಾರಿ ಇದೆಯೇ?

ಮರ ನೋಡದೆ ಯಾರೂ ಸರಿಯಾದ ರೇಟು ಹೇಳಲಾರರು. ಎತ್ತರಕ್ಕಿಂತ ಜಾಗವೇ ಖರ್ಚು ಏರಿಸುತ್ತದೆ. ಸುತ್ತ ಖಾಲಿ ಇದ್ದರೆ ಬುಡಕ್ಕೆ ಕೊಯ್ದು ಒಂದೇ ಸಲ ಕೆಡವಬಹುದು. ಪಕ್ಕದಲ್ಲೇ ಮನೆ, ಕಾಂಪೌಂಡು ಇದ್ದರೆ ಮೇಲಿಂದ ತುಂಡು ತುಂಡಾಗಿ ಕಡಿದು ಹಗ್ಗದಲ್ಲಿ ಇಳಿಸಬೇಕು. ಕೂಲಿ ಜಾಸ್ತಿ ಆಗುವುದು ಅಲ್ಲೇ. ಕರೆಂಟ್ ತಂತಿ ಹತ್ತಿರ ಇದ್ದರೆ ಮೊದಲು ಬೆಸ್ಕಾಂಗೆ ತಿಳಿಸಿ, ಲೈನ್ ಆಫ್ ಮಾಡಿಸದೆ ಯಾರನ್ನೂ ಮರ ಹತ್ತಿಸಬೇಡಿ. ಬುಡ ಕೀಳಿಸಲು ಜೆಸಿಬಿ ಬಾಡಿಗೆ ಬೇರೆ. ಅಲ್ಲಿ ಕಟ್ಟಡ ಕಟ್ಟುವುದಿಲ್ಲ ಅಂದರೆ ಬುಡ ಹಾಗೇ ಬಿಡಿ.

ಹಲಸು, ತೇಗದಂಥ ಮರವಾದರೆ ಸುಮ್ನೆ ಕೂಲಿ ಕೊಟ್ಟು ಕಡಿಸಬೇಡಿ. ಇಬ್ಬರು ಮೂವರು ಮರದ ವ್ಯಾಪಾರಿಗಳನ್ನು ಕರೆಸಿ ಕೇಳಿ. ಒಳ್ಳೆಯ ದಿಮ್ಮಿ ಸಿಗುವಂತಿದ್ದರೆ ಅವರೇ ಕಡಿದು ನಿಮಗೆ ದುಡ್ಡು ಕೊಡುತ್ತಾರೆ. ಗುಲ್‌ಮೊಹರ್‌ಗೆ ಆ ಬೆಲೆ ಇಲ್ಲ. ರೆಂಬೆ ಸೊಪ್ಪು ಯಾರು ಸಾಗಿಸಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ.

ಮರ ನಿಮ್ಮ ಜಾಗದಲ್ಲೇ ಇದ್ದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಶ್ರೀಗಂಧವನ್ನಂತೂ ಅನುಮತಿ ಇಲ್ಲದೆ ಮುಟ್ಟಲೇಬೇಡಿ.

ತೊಂದರೆ ಬರೀ ಎಲೆ ಉದುರುವುದು, ಬಿಸಿಲು ಬೀಳದಿರುವುದು ಅಂದರೆ ದಯವಿಟ್ಟು ಮರ ಉಳಿಸಿಕೊಳ್ಳಿ. ಬಯಲುಸೀಮೆಯ ಬೇಸಿಗೆಯಲ್ಲಿ ಆ ನೆರಳು ಬೇಕೇ ಬೇಕು ಅಲ್ವಾ? ಮನೆ ಕಡೆ ಬಾಗಿದ ಕೊಂಬೆಗಳನ್ನಷ್ಟೇ ತೆಗೆಸಿ. ಖರ್ಚೂ ಕಡಿಮೆ. ಕಾಂಡ ಟೊಳ್ಳಾಗಿದ್ದರೆ ಅಥವಾ ಬೇರು ಮೇಲೆದ್ದು ಮರ ವಾಲಿದ್ದರೆ ಮಾತ್ರ ತಡಮಾಡದೆ ಫೋಟೋ ಸಮೇತ ಅರ್ಜಿ ಕೊಡಿ.