ಓದುಗರ ಪ್ರಶ್ನೆ: ಬೆಂಗಳೂರಿನ ಕೆಲಸ, ಮಣಿಪಾಲದಲ್ಲಿ ಮನೆ

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೇನೆ. ಐದು ವರ್ಷಗಳಿಂದ ಮನೆಯಿಂದಲೇ ಕೆಲಸ. ಮೂರು ತಿಂಗಳಿಗೊಮ್ಮೆ ಕಚೇರಿಗೆ ಹೋದರೆ ಸಾಕು. ಕಳೆದ ಡಿಸೆಂಬರ್‌ನಲ್ಲಿ ಬಂಧುವೊಬ್ಬರ ಚಿಕಿತ್ಸೆಗೆಂದು ಮಣಿಪಾಲದಲ್ಲಿ ಹತ್ತು ದಿನ ಇದ್ದಾಗ ಆ ಊರು ನನಗೂ ನನ್ನ ಪತ್ನಿಗೂ ಬಹಳ ಹಿಡಿಸಿತು. ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಮುಂದಿನ ವರ್ಷ ಅಲ್ಲಿಗೇ ಹೋಗಿ ನೆಲೆಸೋಣವೆಂದಿದ್ದೇವೆ. ನಮಗೆ ಅಲ್ಲಿ ಯಾರ ಪರಿಚಯವೂ ಇಲ್ಲ. ಏನೇನು ವಿಚಾರಿಸಿಕೊಳ್ಳಬೇಕು?
— ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಮಣಿಪಾಲವನ್ನು ನೋಡಿರುವುದು ಡಿಸೆಂಬರ್‌ನಲ್ಲಿ. ಆ ತಿಂಗಳಲ್ಲಿ ನೋಡಿದ ಯಾರಿಗಾದರೂ ಅಲ್ಲಿಯೇ ಇದ್ದುಬಿಡೋಣ ಎನಿಸುವುದು ಸಹಜ: ಸೆಖೆ ಕಡಿಮೆ, ಬಾವಿಯಲ್ಲಿ ನೀರಿರುತ್ತದೆ, ಸಂಜೆ ಎಂಡ್ ಪಾಯಿಂಟ್‌ನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ ಕಾಣುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಏನೆಂದರೆ, ಬೆಂಗಳೂರಿನ ಮನೆಯನ್ನು ಬಿಡುವ ಮೊದಲು ಜುಲೈ ತಿಂಗಳಲ್ಲಿ ನೀವೊಬ್ಬರೇ ಹೋಗಿ ಮೂರು ವಾರ ಇದ್ದು, ಅಲ್ಲಿಂದಲೇ ದಿನವೂ ಕೆಲಸ ಮಾಡಿ ನೋಡಿರಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್‌ನ ಆಸುಪಾಸು ಮಳೆಯಾದರೆ ಉಡುಪಿ ಜಿಲ್ಲೆಯಲ್ಲಿ ನಾಲ್ಕು ಸಾವಿರವನ್ನೂ ದಾಟುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದುಬಿಡುತ್ತದೆ. ಮನೆಯ ಗುಣಾವಗುಣಗಳು ಆಗಲೇ ಹೊರಬೀಳುವುದು. ಯಾವ ಗೋಡೆ ಒದ್ದೆಯಾಗುತ್ತದೆ, ಯಾವ ಕೋಣೆಗೆ ಇರಚಲು ಹೊಡೆಯುತ್ತದೆ ಎಂಬುದನ್ನು ಬೇಸಿಗೆಯಲ್ಲಿ ಬಣ್ಣ ಬಳಿದ ಮನೆ ತೋರಿಸುವುದಿಲ್ಲ.

ತಾರಸಿಯ ಮೇಲೆ ತಗಡಿನ ಮಾಡು ಹಾಕಿರುವ ಮನೆ ಸೋರುವುದು ಕಡಿಮೆ, ಬಟ್ಟೆ ಒಣಗಿಸಲೂ ಅನುಕೂಲ. ಆದರೆ ಅದರ ಕೆಳಗಿನ ಮಹಡಿಯನ್ನೇ ಕೆಲಸದ ಕೋಣೆ ಮಾಡಿಕೊಳ್ಳಬೇಡಿ. ಆಟಿ ತಿಂಗಳ (ಜುಲೈ–ಆಗಸ್ಟ್‌ನ ತುಳು ತಿಂಗಳು) ಮಳೆ ತಗಡಿನ ಮೇಲೆ ಬೀಳತೊಡಗಿದರೆ ಮೀಟಿಂಗ್‌ನಲ್ಲಿರುವವರಿಗೆ ನಿಮ್ಮ ಮಾತಿಗಿಂತ ಮಳೆಯ ಸದ್ದೇ ಹೆಚ್ಚು ಕೇಳಿಸುತ್ತದೆ. ನಾನು ಅಲ್ಲಿದ್ದ ಮೊದಲ ಮಳೆಗಾಲದಲ್ಲಿ ಮುಚ್ಚಿಟ್ಟ ಕಪಾಟನ್ನು ಮೂರು ವಾರ ಬಿಟ್ಟು ತೆರೆದಾಗ ಚರ್ಮದ ಬೆಲ್ಟು, ಲ್ಯಾಪ್‌ಟಾಪಿನ ಚೀಲ, ಮದುವೆಯ ಕೋಟು ಎಲ್ಲದರ ಮೇಲೂ ಬೂದುಬಣ್ಣದ ಬೂಸ್ಟು ಹಬ್ಬಿತ್ತು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, ಕಪಾಟಿನೊಳಗೆ ಒಂದು ಹಳೆಯ ಕಾಲದ ನಲವತ್ತು ವ್ಯಾಟ್ ಬಲ್ಬನ್ನು ಬಟ್ಟೆಗೆ ತಾಗದಂತೆ ತೂಗುಹಾಕಿ ದಿನಕ್ಕೆ ಸ್ವಲ್ಪ ಹೊತ್ತು ಉರಿಸಲು ಹೇಳಿಕೊಟ್ಟರು. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ.

ಇಂಟರ್‌ನೆಟ್ ಬಗ್ಗೆ ನೀವು ಕೇಳಿಲ್ಲ. ಫೈಬರ್ ಸಿಗುತ್ತದೆಯೆಂದು ಆಗಲೇ ವಿಚಾರಿಸಿರಬಹುದು. ಸಿಗುವುದು ನಿಜ. ತೊಂದರೆ ವೇಗದ್ದಲ್ಲ, ತಂತಿಯದು. ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ಲಿನ ಮೇಲೆ ಮರದ ಗೆಲ್ಲು ಬಿದ್ದರೆ ಸರಿಪಡಿಸುವವರೂ ಮಳೆ ನಿಲ್ಲುವುದನ್ನೇ ಕಾಯಬೇಕಾಗುತ್ತದೆ. ಆದ್ದರಿಂದ ಬೇರೊಂದು ಕಂಪನಿಯ ಮೊಬೈಲ್ ಸಿಮ್ ಕೈಯಲ್ಲಿರಲಿ, ಅದರ ಸಿಗ್ನಲ್ ಮನೆಯೊಳಗೆ ಬರುತ್ತದೆಯೇ ಎಂದು ಕರಾರಿಗೆ ಸಹಿ ಹಾಕುವ ಮೊದಲೇ ನೋಡಿಕೊಳ್ಳಿ. ಕರೆಂಟು ಹೋದಾಗ ರೂಟರ್ ಆರದಿರಲು ಒಂದು ಸಣ್ಣ ಯುಪಿಎಸ್ ಸಾಕು. ಇನ್ನು ಸಿಡಿಲು: ಏಪ್ರಿಲ್–ಮೇ ತಿಂಗಳಲ್ಲಿಯೂ ಅಕ್ಟೋಬರ್‌ನಲ್ಲಿಯೂ ಸಂಜೆ ಗುಡುಗು ಶುರುವಾದರೆ ಕರಾವಳಿಯ ಮನೆಗಳಲ್ಲಿ ಟಿವಿ, ಫ್ರಿಜ್, ರೂಟರ್‌ಗಳ ಪ್ಲಗ್ ಕಿತ್ತುಬಿಡುವುದು ವಾಡಿಕೆ. ಸಂಜೆಯ ಹೊತ್ತು ಮುಖ್ಯವಾದ ಮೀಟಿಂಗ್ ಇಟ್ಟುಕೊಳ್ಳುವವರು ಆ ತಿಂಗಳುಗಳಲ್ಲಿ ಬ್ಯಾಟರಿ ಮತ್ತು ಮೊಬೈಲ್ ಡೇಟಾದ ಮೇಲೆ ಕೆಲಸ ನಡೆಸುವುದನ್ನು ರೂಢಿ ಮಾಡಿಕೊಳ್ಳಬೇಕು.

ಮನೆ ಹುಡುಕುವುದು ಇನ್ನೊಂದು ಕಥೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಬೋಳುಗುಡ್ಡವಾಗಿದ್ದ ಈ ಊರು ಕಾಲೇಜುಗಳ ಸುತ್ತಲೇ ಬೆಳೆಯಿತು. ಬಾಡಿಗೆಯ ಲೆಕ್ಕವೂ ಹಾಗೆಯೇ. ಟೈಗರ್ ಸರ್ಕಲ್ಲಿನ ಆಸುಪಾಸಿನಲ್ಲಿ, ವಿದ್ಯಾರತ್ನ ನಗರದಲ್ಲಿ ಎರಡು ಕೋಣೆಯ ಮನೆಗೆ ನಾಲ್ವರು ವಿದ್ಯಾರ್ಥಿಗಳು ತಲೆಗೆ ಇಷ್ಟೆಂದು ಕೊಡುವುದಾದರೆ, ಮೂವರ ಸಂಸಾರಕ್ಕೆ ಅದಕ್ಕಿಂತ ಕಡಿಮೆಗೆ ಕೊಡಲು ಯಜಮಾನರಿಗೆ ಕಾರಣವಿಲ್ಲ. ನಿಮಗೆ ಕಾಲೇಜಿನ ಸಮೀಪ ಇರಬೇಕಾದ ಅಗತ್ಯವೂ ಇಲ್ಲವಲ್ಲ. ಪರ್ಕಳ, ಇಂದ್ರಾಳಿ, ಕುಂಜಿಬೆಟ್ಟು, ಪೆರಂಪಳ್ಳಿಗಳ ಕಡೆ ಹುಡುಕಿ. ಇಂದ್ರಾಳಿಯಲ್ಲಿ ಉಡುಪಿ ರೈಲು ನಿಲ್ದಾಣವೂ ಇದೆ. ಮೂರು ತಿಂಗಳಿಗೊಮ್ಮೆ ಕಚೇರಿಗೆ ಹೋಗಲು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಬಹುದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸುಗಳು ಸುತ್ತುಹಾದಿ ಹಿಡಿಯುತ್ತವೆ, ಕೆಲವೊಮ್ಮೆ ರೈಲಿನ ಘಾಟಿಯಲ್ಲಿಯೂ ಅದೇ ಪಾಡು. ಹಾಗಾಗಿ ಜುಲೈ–ಆಗಸ್ಟ್‌ನ ಪ್ರಯಾಣಕ್ಕೆ ಒಂದು ದಿನ ಮುಂಚೆಯೇ ಹೊರಡಿ.

ಮಳೆಯನ್ನೇ ಇಷ್ಟು ಹೇಳಿದ್ದರಿಂದ ನೀರಿನ ಬಗ್ಗೆ ಕೇಳುವುದು ವಿಚಿತ್ರವೆನಿಸಬಹುದು. ಆದರೂ ಕೇಳಲೇಬೇಕು. ಮಣಿಪಾಲ ಇರುವುದು ಮುರಕಲ್ಲಿನ ಗುಡ್ಡದ ಮೇಲೆ. ನಳ್ಳಿಯ ನೀರಿಗೆ ಬಹುಕಾಲದಿಂದ ಆಧಾರ ಸ್ವರ್ಣಾ ನದಿಯ ಬಜೆ ಅಣೆಕಟ್ಟು. ಬೇಸಿಗೆ ಮಳೆ ತಡವಾದ ವರ್ಷಗಳಲ್ಲಿ ಮೇ ಹೊತ್ತಿಗೆ ನದಿ ಬತ್ತಿ, ನೀರು ದಿನ ಬಿಟ್ಟು ದಿನ ಬರುವುದೂ ಟ್ಯಾಂಕರ್ ತರಿಸುವುದೂ ಉಂಟು. ಮನೆ ತೋರಿಸುವವರಲ್ಲಿ "ಬಾವಿ ಇದೆಯೇ?" ಎಂದಷ್ಟೇ ಕೇಳಿದರೆ ಸಾಲದು, "ಹೋದ ಮೇ ತಿಂಗಳಲ್ಲಿ ಅದರಲ್ಲಿ ನೀರಿತ್ತೇ?" ಎಂದು ಕೇಳಿ, ಸಾಧ್ಯವಾದರೆ ಅದೇ ಪ್ರಶ್ನೆಯನ್ನು ಪಕ್ಕದ ಮನೆಯವರಿಗೂ ಕೇಳಿ.

ಮಗಳ ಶಾಲೆಗೆ ಕೊರತೆಯಿಲ್ಲ, ಜನವರಿಯಿಂದಲೇ ವಿಚಾರಿಸಲು ತೊಡಗಿ. ಒಂದನ್ನು ಮಾತ್ರ ನೆನಪಿಡಿ: ಭಾರೀ ಮಳೆಯ ಮುನ್ಸೂಚನೆಯಿದ್ದರೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ. ಆ ಸುದ್ದಿ ಬರುವುದು ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಗ್ಗೆ.

ಪರಿಚಯಸ್ಥರಿಲ್ಲ ಎಂದಿದ್ದೀರಿ. ನನ್ನ ದೃಷ್ಟಿಯಲ್ಲಿ ಇದು ಮಳೆಗಿಂತ ದೊಡ್ಡ ಪ್ರಶ್ನೆ. ಕಾಲೇಜಿನ ಊರಿನಲ್ಲಿ ಎದುರಾಗುವವರು ವಿದ್ಯಾರ್ಥಿ, ಅಧ್ಯಾಪಕ, ರೋಗಿಯ ಕಡೆಯವರು ಇವರಲ್ಲೊಬ್ಬರಾಗಿರುತ್ತಾರೆ. ಹಗಲಿಡೀ ಮನೆಯಲ್ಲಿರುವ ನಿಮ್ಮನ್ನು ಯಾವ ವಿಭಾಗದಲ್ಲಿ ಕಲಿಸುತ್ತೀರಿ ಎಂದೇ ಅಂಗಡಿಯವರು ಕೇಳುತ್ತಾರೆ. ಕೆಫೆಯಲ್ಲಿ ಸ್ನೇಹವಾದ ಹುಡುಗರು ನಾಲ್ಕು ವರ್ಷ ಮುಗಿಸಿ ಹೊರಟುಹೋಗುತ್ತಾರೆ. ಪರೀಕ್ಷೆ ಮುಗಿದು ರಜೆ ಬಂದಾಗ ಅರ್ಧ ಊರೇ ಖಾಲಿಯಾದಂತೆ ಕಾಣುತ್ತದೆ. ಉಳಿಯುವವರು ಸ್ಥಳೀಯರು, ಅವರ ಮನೆಮಾತು ತುಳು ಅಥವಾ ಕೊಂಕಣಿ. ನಿಮ್ಮೊಡನೆ ಅವರು ಅಚ್ಚುಕಟ್ಟಾದ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಆದರೆ ತಮ್ಮತಮ್ಮಲ್ಲಿ ನಗುವುದು ತುಳುವಿನಲ್ಲಿ. ನೀವು ನಾಲ್ಕು ಮಾತು ತುಳು ಕಲಿತು ತಪ್ಪುತಪ್ಪಾಗಿ ಆಡಿದರೂ ಮೀನಿನ ಅಂಗಡಿಯಲ್ಲಿ, ರಿಕ್ಷಾ ನಿಲ್ದಾಣದಲ್ಲಿ ಗುರುತಿನವರಾಗಿಬಿಡುತ್ತೀರಿ. ಇದು ನಿಮಗಿಂತಲೂ ನಿಮ್ಮ ಪತ್ನಿಗೆ ಮುಖ್ಯ, ಏಕೆಂದರೆ ನಿಮಗೆ ಪರದೆಯ ಆಚೆಗಾದರೂ ಸಹೋದ್ಯೋಗಿಗಳಿರುತ್ತಾರೆ.

ಕೊನೆಯದಾಗಿ, ಮೂರು ತಿಂಗಳಿಗೊಮ್ಮೆ ಹೋದರೆ ಸಾಕೆಂಬುದು ನಿಮ್ಮ ಮೇಲಧಿಕಾರಿಯ ಬಾಯಿಮಾತೋ ಕಂಪನಿಯ ಪತ್ರವೋ? ಬಾಯಿಮಾತಾದರೆ, ಪತ್ರ ಕೈಗೆ ಬರುವವರೆಗೆ ಹನ್ನೊಂದು ತಿಂಗಳ ಬಾಡಿಗೆ ಕರಾರಿಗಿಂತ ಹೆಚ್ಚಿನದಕ್ಕೆ ಕೈಹಾಕಬೇಡಿ. ಜಾಗ ಕೊಳ್ಳುವ ಮಾತನ್ನಂತೂ ಎರಡು ಮಳೆಗಾಲ ಕಳೆಯುವವರೆಗೆ ಎತ್ತಲೇಬೇಡಿ.

ಪ್ರಶ್ನೆ: ನಾನು ಅವಿವಾಹಿತೆ. ಅಮೆರಿಕದ ಸಮಯಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತೇನೆ. ಮಣಿಪಾಲದಂಥ ಊರಿನಲ್ಲಿ ವಿದ್ಯಾರ್ಥಿನಿಯರ ಪಿ.ಜಿ.ಯಲ್ಲಿಯೇ ಇರಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಮೊದಲ ತಿಂಗಳಿಗೆ ಆಗಬಹುದು, ಅದರಾಚೆಗೆ ಬೇಡ. ನ್ಯೂಯಾರ್ಕಿನ ಬೆಳಗ್ಗೆ ಒಂಬತ್ತರಿಂದ ಸಂಜೆ ಐದು ಎಂದರೆ ಅಲ್ಲಿನ ಬೇಸಿಗೆಯಲ್ಲಿ ನಮ್ಮ ಸಂಜೆ ಆರೂವರೆಯಿಂದ ರಾತ್ರಿ ಎರಡೂವರೆ, ಅಲ್ಲಿನ ಚಳಿಗಾಲದಲ್ಲಿ ಅದಕ್ಕೂ ಒಂದು ಗಂಟೆ ತಡ. ಬೆಳಗ್ಗೆ ಎಂಟರ ತರಗತಿಗೆ ಏಳುವ ಹುಡುಗಿಯೊಡನೆ ಕೋಣೆ ಹಂಚಿಕೊಂಡು ಆ ಹೊತ್ತಿನಲ್ಲಿ ಫೋನಿನಲ್ಲಿ ಮಾತನಾಡುವುದು ಇಬ್ಬರಿಗೂ ಕಷ್ಟ, ಬೆಳಗಿನ ತಿಂಡಿಯೂ ನೀವು ಏಳುವುದರೊಳಗೆ ಮುಗಿದಿರುತ್ತದೆ. ಮನೆ ಯಜಮಾನರು ಕೆಳಗೆ ವಾಸವಿದ್ದು ಮೇಲಿನ ಭಾಗವನ್ನು ಬಾಡಿಗೆಗೆ ಕೊಡುವಂಥ ಮನೆ ಹುಡುಕಿ, ಕೆಲಸದ ಸಮಯವನ್ನು ಮೊದಲ ದಿನವೇ ಅವರಿಗೆ ಹೇಳಿಬಿಡಿ. ನಡುರಾತ್ರಿಯವರೆಗೆ ದೀಪ ಉರಿಯುವುದು ಏಕೆಂದು ಗೊತ್ತಿದ್ದರೆ ಅವರೂ ನಿಶ್ಚಿಂತೆಯಿಂದ ಮಲಗುತ್ತಾರೆ.