ನಕ್ಷೆಯ ಮೇಲೆ ಧರ್ಮದ ಬಣ್ಣ: ಭೂಗೋಳ ಪಾಠದ ಬಗ್ಗೆ ನಿಮ್ಮ ಪ್ರಶ್ನೆಗಳು

ಜಗತ್ತಿನ ಧರ್ಮಗಳ ಪಾಠ ಪುಸ್ತಕದಲ್ಲಿ ಕೆಲವೇ ಪುಟ. ಆದರೂ ಈ ಸಲ ಬಂದ ಪತ್ರಗಳಲ್ಲಿ ಅದರದ್ದೇ ಜಾಸ್ತಿ. ಕೆಲವರಿಗೆ ಪಾಠ ಸಪ್ಪೆ ಅನಿಸಿದೆ, ಕೆಲವರಿಗೆ ಭಯ. ಆಯ್ದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪುಸ್ತಕದಲ್ಲಿ ಜಗತ್ತಿನ ಧರ್ಮಗಳ ನಕ್ಷೆ ಇದೆ, ಒಂದೊಂದು ಧರ್ಮಕ್ಕೆ ಒಂದೊಂದು ಬಣ್ಣ. ಮಕ್ಕಳು ಅದನ್ನು ನೋಡಿ ‘ಮುಸ್ಲಿಮರೆಲ್ಲ ಅರಬರು, ಬೌದ್ಧರೆಲ್ಲ ಚೀನಾದವರು’ ಅಂತ ಉರು ಹೊಡೆಯುತ್ತಾರೆ. ಇದನ್ನು ಸರಿ ಮಾಡೋದು ಹೇಗೆ ಸರ್?

ಉತ್ತರ: ಮೊದಲು ಆ ನಕ್ಷೆಯ ಮೇಲೇ ಮಕ್ಕಳಿಗೆ ಅನುಮಾನ ಹುಟ್ಟಿಸಿ ಮೇಡಂ. ಸೈಬೀರಿಯಾ ನೋಡಿ. ಬಣ್ಣ ರಾಶಿ ರಾಶಿ, ಜನ ಬೆರಳೆಣಿಕೆ. ಬಾಂಗ್ಲಾದೇಶ ಅದೇ ನಕ್ಷೆಯಲ್ಲಿ ಉಗುರಿನಷ್ಟು ಜಾಗ, ಆದರೆ ಇಡೀ ರಷ್ಯಾಕ್ಕಿಂತ ಜಾಸ್ತಿ ಜನ ಅಲ್ಲಿದ್ದಾರೆ. ಭಾರತಕ್ಕೆ ಒಂದೇ ಬಣ್ಣ ಬಳಿದರೆ 2011ರ ಜನಗಣತಿ ಲೆಕ್ಕದ 17 ಕೋಟಿ ಮುಸ್ಲಿಮರು ನಕ್ಷೆಯಿಂದ ಮಾಯ. ನೈಜೀರಿಯಾವನ್ನು ಉತ್ತರಕ್ಕೊಂದು ಬಣ್ಣ, ದಕ್ಷಿಣಕ್ಕೊಂದು ಬಣ್ಣ ಅಂತ ಕತ್ತರಿಸುತ್ತಾರೆ. ಅಲ್ಲಿನ ಯೊರುಬಾ ಜನರಲ್ಲಿ ಒಂದೇ ಮನೆಯೊಳಗೆ ಕ್ರೈಸ್ತರೂ ಮುಸ್ಲಿಮರೂ ಇರುತ್ತಾರೆ. ಆ ಮನೆಗೆ ಯಾವ ಬಣ್ಣ ಬಳಿಯುತ್ತೀರಿ? ಜಪಾನಿನದು ಇನ್ನೂ ಮಜಾ. ಅಲ್ಲಿನ ಸ್ಥಳೀಯ ಧರ್ಮವಾದ ಶಿಂಟೋ ಮತ್ತು ಬೌದ್ಧ ಅನುಯಾಯಿಗಳ ಲೆಕ್ಕ ಕೂಡಿದರೆ ದೇಶದ ಜನಸಂಖ್ಯೆಗಿಂತ ಜಾಸ್ತಿ ಬರುತ್ತದೆ, ಏಕೆಂದರೆ ಬಹಳ ಜನ ಎರಡೂ ಕಡೆ ಇದ್ದಾರೆ.

ಇದಾದ ಮೇಲೆ ಮಕ್ಕಳ ಕೈಯಲ್ಲೇ ಇನ್ನೊಂದು ನಕ್ಷೆ ಮಾಡಿಸಿ. ಒಂದು ಕೋಟಿ ಜನಕ್ಕೆ ಒಂದು ಚುಕ್ಕೆ. ಮುಸ್ಲಿಮರಿಗೆ ಹಸಿರು ಚುಕ್ಕೆ ಅಂದುಕೊಳ್ಳೋಣ. ಸೌದಿ ಅರೇಬಿಯಾಕ್ಕೆ ಮೂರು ಚುಕ್ಕೆ ಸಾಕು. ಇಂಡೋನೇಷ್ಯಾಕ್ಕೆ 20ಕ್ಕೂ ಜಾಸ್ತಿ ಇಡಬೇಕು, ಜಾಗ ಸಾಲದೆ ಚುಕ್ಕೆಗಳು ಸಮುದ್ರಕ್ಕೆ ಬೀಳುತ್ತವೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಎರಡೂ ಸೇರಿದರೂ ಜಗತ್ತಿನ ಮುಸ್ಲಿಮರಲ್ಲಿ ಸುಮಾರು ಐದರಲ್ಲೊಂದು ಪಾಲು ಅಷ್ಟೇ. ‘ಅರಬರೆಲ್ಲ ಮುಸ್ಲಿಮರು’ ಅನ್ನೋದೂ ಹಾಗೇ ಬೀಳುತ್ತದೆ: ಲೆಬನಾನಿನ ಮೆರೋನೈಟರು, ಈಜಿಪ್ಟಿನ ಕಾಪ್ಟರು ಅರಬ್ಬಿ ಮಾತಾಡುವ ಕ್ರೈಸ್ತರು.

ಆಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಅರೇಬಿಯಾದಲ್ಲಿ ಹುಟ್ಟಿದ ಧರ್ಮ ಅಷ್ಟು ದೂರದ ದ್ವೀಪಕ್ಕೆ ಹೋಗಿದ್ದು ಹೇಗೆ? ಅಲ್ಲಿಂದ ನಿಜವಾದ ಭೂಗೋಳ ಪಾಠ ಶುರು. ಮಾನ್ಸೂನ್ ಗಾಳಿಯ ಚಿತ್ರ ಬಿಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ, ಚಳಿಗಾಲದಲ್ಲಿ ಈಶಾನ್ಯದಿಂದ. ಹಾಯಿ ಹಡಗಿನವರು ಬಂದ ಗಾಳಿಯಲ್ಲೇ ವಾಪಸ್ ಹೋಗುವ ಹಾಗಿರಲಿಲ್ಲ. ಗಾಳಿ ತಿರುಗುವ ತನಕ ಬಂದರಿನಲ್ಲೇ ತಿಂಗಳುಗಟ್ಟಲೆ ಠಿಕಾಣಿ. ಸುಮ್ನೆ ಕೂತಿರಲಿಲ್ಲ ಅವರು. ಗೋದಾಮು ಕಟ್ಟಿದರು, ಮದುವೆಯಾದರು, ಮಕ್ಕಳಾದವು, ಮಸೀದಿ ಎದ್ದಿತು. ಈಗಿನ ಮಲೇಷ್ಯಾದ ಮಲಾಕ್ಕಾ ಬಂದರು ಎರಡು ಗಾಳಿಗಳ ಸಂಧಿಯಲ್ಲಿತ್ತು. ಪಶ್ಚಿಮದ ಹಡಗುಗಳು ಒಂದು ಗಾಳಿಗೆ ಬಂದರೆ ಚೀನಾದವು ಇನ್ನೊಂದಕ್ಕೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿ ಪಸೈ ರಾಜ್ಯದ ಸುಲ್ತಾನನೊಬ್ಬನ ಸಮಾಧಿ ಕಲ್ಲಿನ ಮೇಲೆ 1297ಕ್ಕೆ ಹೊಂದುವ ವರ್ಷ ಇದೆ, ಅಂದರೆ ಅಷ್ಟು ಹೊತ್ತಿಗೇ ಅಲ್ಲಿ ಮುಸ್ಲಿಂ ಅರಸನಿದ್ದ. ಈ ಕಡೆ ಪೂರ್ವ ಆಫ್ರಿಕಾದ ಕಿಲ್ವಾ ಬಂದರಿಗೆ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತಾ 1331ರಲ್ಲಿ ಹೋದಾಗ ಅಲ್ಲಿಯೂ ಸುಲ್ತಾನನಿದ್ದ, ಹವಳದ ಕಲ್ಲಿನ ಮಸೀದಿ ಇತ್ತು. ನಕ್ಷೆಯ ಮೇಲೆ ಇವೆರಡು ಊರು ಗುರುತಿಸಿ, ನಡುವೆ ಗಾಳಿಯ ಬಾಣ ಎಳೆಯಿರಿ. ಬಣ್ಣದ ನಕ್ಷೆ ಹೇಳದ ಕಥೆ ಈ ಬಾಣ ಹೇಳುತ್ತದೆ.

ಬೌದ್ಧ ಧರ್ಮಕ್ಕೂ ಇದೇ ಉಪಾಯ. ಚೀನಾದ ಪಶ್ಚಿಮದಲ್ಲಿರುವ ತಕ್ಲಮಕಾನ್ ಮರುಭೂಮಿಯ ಒಳಗೆ ಹೋಗಲಾಗದ ವ್ಯಾಪಾರಿಗಳು ಅದರ ಉತ್ತರ ಅಂಚಿಗೂ ದಕ್ಷಿಣ ಅಂಚಿಗೂ ನೀರು ಸಿಗುವ ಊರುಗಳನ್ನು ಹಿಡಿದು ಸಾಗಿದರು. ಭಿಕ್ಷುಗಳು ಅವರ ಜೊತೆ. ಎರಡೂ ದಾರಿ ಕೂಡುವ ಕಡೆ ಡುನ್‌ಹುವಾಂಗ್‌ನ ಬೌದ್ಧ ಗುಹೆಗಳಿವೆ. ಚೀನಾದ ಭಿಕ್ಷು ಫಾಹಿಯಾನ್ 399ರಲ್ಲಿ ನೆಲದ ದಾರಿ ಹಿಡಿದು ಭಾರತಕ್ಕೆ ಹೊರಟವನು ವಾಪಸಾಗಿದ್ದು ಶ್ರೀಲಂಕಾದಿಂದ ಹಡಗಿನಲ್ಲಿ. ಒಬ್ಬನೇ ಮನುಷ್ಯ, ಎರಡು ದಾರಿ. ಮಕ್ಕಳಿಗೆ ಇಂಥದ್ದು ಚೆನ್ನಾಗಿ ನೆನಪಿರುತ್ತದೆ.

ಪ್ರಶ್ನೆ: ಬೇರೆ ಬೇರೆ ಧರ್ಮದ ಉಡುಪು ಹಾಕಿಸಿ, ಪ್ರಾರ್ಥನೆ ಹೇಳಿಸಿ ಒಂದು ಕಾರ್ಯಕ್ರಮ ಮಾಡೋಣ ಅಂತಿದ್ದೆ. ಸಹೋದ್ಯೋಗಿಗಳು ‘ಬೇಡ, ಪೋಷಕರು ಜಗಳಕ್ಕೆ ಬರುತ್ತಾರೆ’ ಅಂದರು. ಅವರ ಮಾತು ಕೇಳಬೇಕಾ?

ಉತ್ತರ: ಕೇಳಿ. ಆದರೆ ಜಗಳದ ಭಯಕ್ಕಲ್ಲ.

2015ರ ಡಿಸೆಂಬರ್‌ನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಆಗಸ್ಟಾ ಕೌಂಟಿಯಲ್ಲಿ ಏನಾಯಿತು ನೋಡಿ. ಪ್ರೌಢಶಾಲೆಯ ವಿಶ್ವ ಭೂಗೋಳ ತರಗತಿಯಲ್ಲಿ ಅರಬ್ಬಿ ಅಕ್ಷರ ಬರೆಯುವ ಕಲೆ ಎಷ್ಟು ಕಷ್ಟ ಅಂತ ತೋರಿಸಲು ಮಕ್ಕಳಿಗೆ ಒಂದು ಸಾಲು ನಕಲು ಮಾಡಲು ಕೊಟ್ಟರು. ಆ ಸಾಲು ಶಹಾದಾ, ಅಂದರೆ ಇಸ್ಲಾಮಿನ ನಂಬಿಕೆಯ ಘೋಷಣೆ. ಪೋಷಕರು ಸಿಟ್ಟಾದರು, ವಿಷಯ ದೇಶದ ತುಂಬಾ ಹರಡಿತು. ಫೋನು, ಈಮೇಲ್‌ಗಳ ಸುರಿಮಳೆಗೆ ಆ ಕೌಂಟಿಯ ಶಾಲೆಗಳನ್ನೇ ಒಂದು ದಿನ ಮುಚ್ಚಬೇಕಾಯಿತು. ಮುಂದೆ ಧರ್ಮಕ್ಕೆ ಸಂಬಂಧಿಸದ ಬರಹ ಕೊಡುತ್ತೇವೆ ಎಂದು ಅಧಿಕಾರಿಗಳು ಹೇಳಿದರು.

ನನ್ನ ಲೆಕ್ಕದಲ್ಲಿ ಆ ಗಲಾಟೆ ಅತಿಯಾಯಿತು. ಯಾರೂ ಯಾರನ್ನೂ ಮತಾಂತರ ಮಾಡುತ್ತಿರಲಿಲ್ಲ. ಆದರೆ ಸಾಲಿನ ಆಯ್ಕೆ ಸರಿಯಿರಲಿಲ್ಲ, ಅದೂ ನಿಜ. ಅಕ್ಷರದ ಸೊಗಸು ತೋರಿಸಬೇಕಿದ್ದರೆ ‘ಕೈರೋ’, ‘ಬಾಗ್ದಾದ್’ ಅಂತ ಊರ ಹೆಸರು ಬರೆಸಬಹುದಿತ್ತು. ಭೂಗೋಳ ತರಗತಿಗೆ ಅದೇ ಜಾಸ್ತಿ ಒಪ್ಪುತ್ತದೆ, ಅಲ್ವಾ?

ಉಡುಪು ಹಾಕಿಸಿ ಪೂಜೆಯ ನಟನೆ ಮಾಡಿಸುವುದು ಇನ್ನೊಂದು ರೀತಿಯಲ್ಲೂ ಕೆಡುತ್ತದೆ. ಆ ಧರ್ಮದವರಿಗೆ ಅದು ತಮಾಷೆ ಮಾಡಿದ ಹಾಗೆ ಕಾಣುತ್ತದೆ. ಬೇರೆಯವರಿಗೆ ಒತ್ತಾಯ ಮಾಡಿದ ಹಾಗೆ. ಯಾರಿಗೂ ಏನೂ ಕಲಿತ ಹಾಗಾಗಲ್ಲ. ಚಿತ್ರ ತೋರಿಸಿ, ಕಟ್ಟಡದ ನಕ್ಷೆ ಓದಿಸಿ, ಯಾತ್ರೆಯ ದಾರಿ ಎಳೆಸಿ. ಪ್ರಾರ್ಥನೆ ಮಾತ್ರ ಬೇಡ.

ಕಾನೂನೂ ಹೆಚ್ಚುಕಡಿಮೆ ಇದೇ ಗೆರೆ ಎಳೆಯುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಭಕ್ತಿಯಿಂದ ಬೈಬಲ್ ಓದಿಸುವುದನ್ನು ನಿಲ್ಲಿಸಿತು. ಧರ್ಮಗಳ ಬಗ್ಗೆ ಪಕ್ಷಪಾತವಿಲ್ಲದೆ ಪಾಠ ಮಾಡಲು ಅಡ್ಡಿಯಿಲ್ಲ ಎಂದು ಅದೇ ತೀರ್ಪಿನಲ್ಲಿ ಹೇಳಿತು. ಭಾರತದಲ್ಲಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಗೆ ಸಂವಿಧಾನದ 28ನೇ ವಿಧಿ ತಡೆ ಹಾಕಿದೆ. ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದಕ್ಕೆ ಆ ತಡೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ.

ಪ್ರಶ್ನೆ: ಭೂಗೋಳ ಮತ್ತು ಧರ್ಮ ಎರಡೂ ನಿಜವಾಗಿ ಕೂಡುವ ಒಂದು ಚಟುವಟಿಕೆ ಹೇಳಿ. ಚಾರ್ಟ್ ಅಂಟಿಸಿ ಸಾಕಾಗಿದೆ.

ಉತ್ತರ: ಒಂದು ಗೋಳ, ಒಂದು ದಾರ, ಒಂದು ಗೋಡೆ ನಕ್ಷೆ. ಇಷ್ಟು ಸಾಕು.

ಮುಸ್ಲಿಮರು ಮೆಕ್ಕಾದ ಕಡೆಗೆ ಮುಖ ಮಾಡಿ ನಮಾಜು ಮಾಡುತ್ತಾರೆ. ನ್ಯೂಯಾರ್ಕ್‌ನಲ್ಲಿರುವವರು ಯಾವ ಕಡೆ ತಿರುಗಬೇಕು? ಮೊದಲು ಗೋಡೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಸಿ. ಮೆಕ್ಕಾ ಕೆಳಗಿದೆ, 21 ಡಿಗ್ರಿ ಉತ್ತರ ಅಕ್ಷಾಂಶ. ನ್ಯೂಯಾರ್ಕ್ ಸುಮಾರು 41 ಡಿಗ್ರಿ. ಗೆರೆ ಪೂರ್ವದಿಂದ ತುಸು ದಕ್ಷಿಣಕ್ಕೆ ವಾಲುತ್ತದೆ. ಇಡೀ ತರಗತಿ ‘ಆಗ್ನೇಯ’ ಅನ್ನುತ್ತದೆ. ಅದನ್ನು ಬೋರ್ಡಿನ ಮೇಲೆ ಬರೆಯಿರಿ, ಏನೂ ಹೇಳಬೇಡಿ.

ಈಗ ಗೋಳ ತೆಗೆಯಿರಿ. ದಾರದ ಒಂದು ತುದಿಯನ್ನು ನ್ಯೂಯಾರ್ಕ್ ಮೇಲೆ ಟೇಪಿನಿಂದ ಅಂಟಿಸಿ. ಬರೀ ಬೆರಳಲ್ಲಿ ಹಿಡಿದರೆ ಜಾರುತ್ತದೆ. ಇನ್ನೊಂದು ತುದಿಯನ್ನು ಮೆಕ್ಕಾ ಮೇಲೆ ಒತ್ತಿ ಬಿಗಿಯಾಗಿ ಎಳೆಯಿರಿ. ಸಡಿಲ ಬಿಟ್ಟರೆ ದಾರ ಎಲ್ಲೆಲ್ಲೋ ಹೋಗುತ್ತದೆ, ಬಿಗಿಯಾದಾಗ ಹತ್ತಿರದ ದಾರಿಗೆ ತಾನೇ ಬಂದು ಕೂರುತ್ತದೆ. ಆ ದಾರ ನ್ಯೂಯಾರ್ಕ್‌ನಿಂದ ಹೊರಡುವುದು ಈಶಾನ್ಯಕ್ಕೆ! ಅಟ್ಲಾಂಟಿಕ್ ಮೇಲೆ ಉತ್ತರಕ್ಕೆ ಏರಿ, ಆಮೇಲೆ ಯುರೋಪಿನ ಮೇಲೆ ಹಾದು ಕೆಳಗಿಳಿಯುತ್ತದೆ. ಉತ್ತರ ದಿಕ್ಕಿನಿಂದ ಅಳೆದರೆ ಸುಮಾರು 58 ಡಿಗ್ರಿ. ಬೋರ್ಡಿನ ಮೇಲಿನ ‘ಆಗ್ನೇಯ’ ನೋಡಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಮೆರಿಕದ ಮುಸ್ಲಿಮರಲ್ಲೇ ಈ ಎರಡು ದಿಕ್ಕುಗಳ ಬಗ್ಗೆ ಚರ್ಚೆ ನಡೆದದ್ದುಂಟು. ಸಾವಿರ ವರ್ಷದ ಹಿಂದೆ ವಿದ್ವಾಂಸ ಅಲ್‌ಬಿರೂನಿ ಊರುಗಳ ಅಕ್ಷಾಂಶ ರೇಖಾಂಶ ಲೆಕ್ಕ ಹಾಕಿ, ಈಗಿನ ಅಫ್ಘಾನಿಸ್ತಾನದ ಘಜ್ನಿಯಿಂದ ಮೆಕ್ಕಾ ಯಾವ ದಿಕ್ಕಿಗಿದೆ ಅಂತ ಕಂಡುಹಿಡಿದದ್ದೂ ಇದೇ ಸಮಸ್ಯೆಯ ಬೆನ್ನು ಹತ್ತಿ. ಯಹೂದಿಗಳು ಜೆರುಸಲೇಮಿನ ಕಡೆ ತಿರುಗಿ ಪ್ರಾರ್ಥಿಸುತ್ತಾರೆ. ಅದೇ ದಾರವನ್ನು ಅಲ್ಲಿಗೂ ಎಳೆಸಿ. ಪಾಠ ಒಂದೇ ಧರ್ಮದ ಸುತ್ತ ನಿಲ್ಲುವುದಿಲ್ಲ, ಯಾರೂ ಪ್ರಾರ್ಥನೆ ಮಾಡುವುದೂ ಇಲ್ಲ. ಗೋಳಾಕಾರದ ಭೂಮಿ ಚಪ್ಪಟೆ ಹಾಳೆಯ ಮೇಲೆ ಬಂದಾಗ ಏನು ಕೆಡುತ್ತದೆ ಅನ್ನೋದು ಮಾತ್ರ ಮಕ್ಕಳಿಗೆ ಮರೆಯುವುದಿಲ್ಲ.

ಸಮಯ ಇದ್ದರೆ ಇನ್ನೊಂದು. ಇಸ್ಲಾಮಿನ ವರ್ಷ ಚಂದ್ರನದು, ಸುಮಾರು 354 ದಿನ. ಹಾಗಾಗಿ ರಂಜಾನ್ ಪ್ರತಿ ವರ್ಷ 10–11 ದಿನ ಹಿಂದೆ ಸರಿಯುತ್ತದೆ. 2030ರಲ್ಲಿ ಎರಡು ಸಲ ಶುರುವಾಗುತ್ತದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. 2015ರಲ್ಲಿ ಜೂನ್ 18ರ ಸುಮಾರಿಗೆ ಶುರುವಾಗಿತ್ತು. ನಾರ್ವೆಯ ಟ್ರಾಮ್ಸೊದಲ್ಲಿ ಆಗ ಸೂರ್ಯ ಮುಳುಗುವುದೇ ಇಲ್ಲ. ಸೂರ್ಯಾಸ್ತಕ್ಕೆ ಉಪವಾಸ ಬಿಡಬೇಕಾದವರು ಏನು ಮಾಡಬೇಕು? ಮಕ್ಕಳೇ ಉತ್ತರ ಹುಡುಕಲಿ. ಆಮೇಲೆ ಹೇಳಿ: ಅಲ್ಲಿನ ಕೆಲವರು ಮೆಕ್ಕಾದ ಹೊತ್ತು ಅನುಸರಿಸುತ್ತಾರೆ, ಕೆಲವರು ಸೂರ್ಯ ಮುಳುಗುವ ಹತ್ತಿರದ ಊರಿನದು. ಯಹೂದಿ ಪಂಚಾಂಗದಲ್ಲಿ ಈ ಸರಿದಾಟ ಇಲ್ಲ. ಅವರ ಪಾಸೋವರ್ ಹಬ್ಬ ವಸಂತದಲ್ಲೇ ಬರಬೇಕೆಂದು 19 ವರ್ಷದಲ್ಲಿ 7 ಸಲ ಒಂದು ತಿಂಗಳು ಜಾಸ್ತಿ ಸೇರಿಸುತ್ತಾರೆ. ಹಿಂದೂ ಪಂಚಾಂಗದ ಅಧಿಕ ಮಾಸದ ಕೆಲಸವೂ ಅದೇ. ಅಕ್ಷಾಂಶ, ಋತು, ಭೂಮಿಯ ಓರೆ ಎಲ್ಲ ಈ ಒಂದು ಪಾಠದಲ್ಲೇ ಬಂದವು.

ಪ್ರಶ್ನೆ: ಮರುಭೂಮಿಯಲ್ಲಿ ಒಬ್ಬನೇ ದೇವರು, ಕಾಡು ನದಿ ಇರುವ ಕಡೆ ಹಲವು ದೇವರು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಾನೂ ಹಾಗೇ ಹೇಳಿಕೊಡಬಹುದಾ?

ಉತ್ತರ: ಬೇಡ. ಕೇಳೋಕೆ ಚೆನ್ನಾಗಿದೆ, ನಿಲ್ಲುವುದಿಲ್ಲ. ಇಸ್ಲಾಮಿಗೆ ಮುಂಚೆ ಅದೇ ಅರೇಬಿಯಾ ಮರುಭೂಮಿಯಲ್ಲಿ ಹುಬಲ್, ಅಲ್‌ಲಾತ್, ಮನಾತ್ ಅಂತ ಹಲವು ದೇವತೆಗಳ ಪೂಜೆ ನಡೆಯುತ್ತಿತ್ತು. ಮರುಭೂಮಿ ಬದಲಾಗಲಿಲ್ಲ, ಧರ್ಮ ಬದಲಾಯಿತು. ಸೂರ್ಯನೊಬ್ಬನನ್ನೇ ಪೂಜಿಸಿ ಅಂದ ಪ್ರಾಚೀನ ಈಜಿಪ್ಟಿನ ಅರಸ ಅಖೆನಾತೆನ್ ಇದ್ದದ್ದು ನೈಲ್ ನದಿಯ ದಡದಲ್ಲಿ.

ಜನ ಏನನ್ನು ನಂಬುತ್ತಾರೆ ಅನ್ನೋದನ್ನು ಭೂಗೋಳ ತೀರ್ಮಾನಿಸುವುದಿಲ್ಲ. ಆ ನಂಬಿಕೆ ಯಾವ ದಾರಿ ಹಿಡಿದು ಬಂತು, ಯಾತ್ರೆ ಯಾವ ತಿಂಗಳು, ಗುಡಿ ಯಾವುದರಿಂದ ಕಟ್ಟಿದರು ಅನ್ನೋದರಲ್ಲಿ ಅದರ ಕೈವಾಡ ಇದ್ದೇ ಇದೆ. ಮಾಲಿ ದೇಶದ ಜೆನ್ನೆ ಮಸೀದಿ ಮಣ್ಣಿನದು. ಗೋಡೆಯಿಂದ ಹೊರಚಾಚಿದ ಮರದ ತುಂಡುಗಳ ಮೇಲೆ ಹತ್ತಿ ಊರಿನವರೇ ವರ್ಷಕ್ಕೊಮ್ಮೆ ಹೊಸದಾಗಿ ಮಣ್ಣು ಮೆತ್ತುತ್ತಾರೆ. ಇಥಿಯೋಪಿಯಾದ ಲಾಲಿಬೆಲಾದಲ್ಲಿ 11 ಚರ್ಚುಗಳನ್ನು ಬಂಡೆ ಕೊರೆದು ಮಾಡಿದ್ದಾರೆ. ನಾರ್ವೆಯ ಹಳೆಯ ಚರ್ಚುಗಳು ಪೂರ್ತಿ ಮರ. ಲಾಲಿಬೆಲಾ, ನಾರ್ವೆ ಎರಡೂ ಕ್ರೈಸ್ತರದೇ ಅನ್ನೋದನ್ನು ಮರೆಯದೆ ಹೇಳಿ.

ಶ್ರೀಲಂಕಾದ ಶ್ರೀಪಾದ ಬೆಟ್ಟವನ್ನೂ ತೋರಿಸಿ, 2,243 ಮೀಟರ್. ತುದಿಯಲ್ಲಿ ಹೆಜ್ಜೆ ಗುರುತಿನಂಥ ಒಂದು ಗುಳಿ ಇದೆ. ಬೌದ್ಧರು ಅದನ್ನು ಬುದ್ಧನದು ಎನ್ನುತ್ತಾರೆ, ಹಿಂದೂಗಳು ಶಿವನದು, ಮುಸ್ಲಿಮರು ಆದಮನದು. ಕ್ರೈಸ್ತರಲ್ಲೂ ಅದರ ಕಥೆಗಳಿವೆ. ಯಾರ ನಂಬಿಕೆ ಏನೇ ಇರಲಿ, ಹತ್ತುವುದು ಡಿಸೆಂಬರ್‌ನಿಂದ ಮೇ ಒಳಗೆ. ಆಮೇಲೆ ನೈಋತ್ಯ ಮಾನ್ಸೂನ್ ಮಳೆ ಯಾರನ್ನೂ ಬಿಡುವುದಿಲ್ಲ.

ಪ್ರಶ್ನೆ: ನನ್ನ ತರಗತಿಯಲ್ಲಿ ಸಿಖ್ ಧರ್ಮದ ಹುಡುಗ ಒಬ್ಬನೇ ಇದ್ದಾನೆ. ಆ ಪಾಠ ಬಂದಾಗ ಅವನ ಕೈಯಲ್ಲೇ ಮಾತಾಡಿಸಿದರೆ ಹೇಗೆ? ಇನ್ನೊಂದು, ‘ಯಾವ ಧರ್ಮ ನಿಜ ಮಿಸ್?’ ಅಂತ ಕೇಳಿದರೆ ಏನು ಹೇಳಲಿ?

ಉತ್ತರ: ಹುಡುಗನನ್ನು ಎಬ್ಬಿಸಿ ನಿಲ್ಲಿಸಬೇಡಿ. ಅವನು 13 ವರ್ಷದ ವಿದ್ಯಾರ್ಥಿ, ಎರಡೂವರೆ ಕೋಟಿ ಜನರ ವಕ್ತಾರನಲ್ಲ. ಅವನಿಗೆ ಗೊತ್ತಿಲ್ಲದ್ದನ್ನು ಕೇಳಿ ಮುಜುಗರ ಮಾಡುವುದೂ ಬೇಡ. ತಾನಾಗಿ ಕೈ ಎತ್ತಿದರೆ ಖಂಡಿತ ಮಾತಾಡಲಿ. ಹಿಂದಿನ ದಿನ ಒಬ್ಬನೇ ಸಿಕ್ಕಾಗ ‘ನಾಳೆ ಈ ಪಾಠ ಇದೆ ಕಣಪ್ಪ’ ಅಂತ ಒಂದು ಮಾತು ಹೇಳಿಡಿ, ಸಾಕು.

ಎರಡನೆಯದಕ್ಕೆ ಉಪನ್ಯಾಸ ಬೇಡ. ‘ಅದನ್ನು ಮನೆಯಲ್ಲಿ ದೊಡ್ಡವರ ಹತ್ತಿರ ಕೇಳು. ಇಲ್ಲಿ ನಾವು ಯಾರು ಎಲ್ಲಿದ್ದಾರೆ, ಹೇಗೆ ಬಂದರು ಅಂತ ನೋಡ್ತೀವಿ’ ಅನ್ನಿ. ಇದೇ ಮಾತನ್ನು ಎಲ್ಲ ಧರ್ಮದ ಪಾಠದಲ್ಲೂ ಹೇಳಿ. ನಿಮ್ಮ ಧರ್ಮದ ಪಾಠ ಬಂದ ದಿನವೂ ‘ಅವರು ಹೀಗೆ ನಂಬುತ್ತಾರೆ’ ಅಂತಲೇ ಹೇಳಬೇಕು. ಮಕ್ಕಳು ಆ ದಿನ ಜಾಸ್ತಿ ಗಮನ ಇಟ್ಟು ಕೇಳುತ್ತಾರೆ.