ಸ್ಟೆಲಿಯಾ, ಸ್ಟೆಲ್ತ್, ಝಡ್1ಆರ್: ಈ ಮೂರು ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್‌ಗಳಲ್ಲಿ ಸೌಂಡ್ ಯಾವುದರದ್ದು ಚೆನ್ನ, ಹೊತ್ತುಗಟ್ಟಲೆ ಹಾಕಿಕೊಳ್ಳಲು ಯಾವುದು ಹಿತ?

ನೀವು ಕೇಳಿರುವುದು ಫೋಕಲ್ ಸ್ಟೆಲಿಯಾ, ಡ್ಯಾನ್ ಕ್ಲಾರ್ಕ್ ಆಡಿಯೋ ಸ್ಟೆಲ್ತ್ ಮತ್ತು ಸೋನಿ ಎಂಡಿಆರ್-ಝಡ್1ಆರ್ ಬಗ್ಗೆ. ಮೂರೂ ಕ್ಲೋಸ್ಡ್ ಬ್ಯಾಕ್, ಅಂದರೆ ಕಪ್‌ನ ಹಿಂಬದಿ ಮುಚ್ಚಿರುವ ಹೆಡ್‌ಫೋನ್‌ಗಳು. ಕನ್ನಡಕ ಹಾಕುತ್ತೀರಿ, ಕೆಲಸ ಮಾಡುತ್ತಾ ಮೂರು ನಾಲ್ಕು ಗಂಟೆ ಕೇಳುತ್ತೀರಿ ಅಂತಲೂ ಬರೆದಿದ್ದೀರಿ. ನನ್ನ ಉತ್ತರ ಸ್ಟೆಲ್ತ್. ಆದರೆ ಜೊತೆಗೆ ಗಟ್ಟಿ ಆಂಪ್ (ಹೆಡ್‌ಫೋನ್‌ಗೆ ಪವರ್ ಕೊಡುವ ಆಂಪ್ಲಿಫೈಯರ್) ಇದ್ದರೆ ಮಾತ್ರ. ಮೂರನ್ನೂ ಬಳಸಿದ್ದೇನೆ. ಈಗ ಮನೆಯಲ್ಲಿ ಉಳಿದಿರುವುದು ಸ್ಟೆಲ್ತ್, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ಸೌಂಡ್ ಒಂದು ಪ್ರಶ್ನೆ, ಹಿತ ಇನ್ನೊಂದು ಪ್ರಶ್ನೆ ಅನ್ನುವ ಹಾಗೆ ಕೇಳಿದ್ದೀರಿ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಇವೆರಡನ್ನು ಬಿಡಿಸುವುದು ಕಷ್ಟ. ಪ್ಯಾಡ್ ಕಿವಿಯ ಸುತ್ತ ಸರಿಯಾಗಿ ಕೂತರೆ ಒಳಗಿನ ಗಾಳಿ ಸೋರುವುದಿಲ್ಲ, ಬೇಸ್ ಪೂರ್ತಿ ಬರುತ್ತದೆ. ಕನ್ನಡಕದ ಕಡ್ಡಿ ಪ್ಯಾಡನ್ನು ಒಂದು ಚೂರು ಎತ್ತಿದರೂ ಸಾಕು, ತೀರಾ ಕೆಳಗಿನ ಬೇಸ್ ಮೊದಲು ಮಾಯವಾಗುತ್ತದೆ. ದಟ್ಟ ಕೂದಲು, ದವಡೆಯ ಆಕಾರ ಕೂಡ ಇದೇ ಕಿತಾಪತಿ ಮಾಡುತ್ತವೆ. ಒಂದೇ ಹೆಡ್‌ಫೋನ್‌ಗೆ ಒಬ್ಬರು ಬೇಸ್ ಜಾಸ್ತಿ ಅನ್ನುತ್ತಾರೆ, ಇನ್ನೊಬ್ಬರು ಬೇಸೇ ಇಲ್ಲ ಅನ್ನುತ್ತಾರೆ, ನೋಡಿದ್ದೀರಲ್ವಾ? ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಲೆ ಬೇರೆ ಬೇರೆ, ಅಷ್ಟೇ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಒಳ್ಳೆ ಬೇಸ್ ಇರುವ ಹಾಡು ಹಾಕಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಬೇಸ್ ತುಂಬಿಕೊಂಡರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆಮೇಲೆ ಕನ್ನಡಕ ತೆಗೆದು ಅದೇ ಹಾಡು ಕೇಳಿ. ವ್ಯತ್ಯಾಸ ದೊಡ್ಡದಾಗಿದ್ದರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಆಗಿಬರುವುದಿಲ್ಲ, ಎಷ್ಟೇ ಒಳ್ಳೆಯದಾಗಿರಲಿ.

ಈಗ ಸ್ಟೆಲ್ತ್. 2021ರಲ್ಲಿ ಬಂದದ್ದು. ಇದರ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಭಾಗ, ಪ್ಲೇನಾರ್ ಮ್ಯಾಗ್ನೆಟಿಕ್ ಬಗೆಯದು: ಆಯಸ್ಕಾಂತದ ಬಲದಿಂದ ಚಪ್ಪಟೆ ತೆಳು ಹಾಳೆ ಕಂಪಿಸುತ್ತದೆ. ಡ್ರೈವರ್‌ಗೂ ಕಿವಿಗೂ ನಡುವೆ ಸಣ್ಣ ಸಣ್ಣ ತೂತು, ಓಣಿಗಳಿರುವ ಒಂದು ಬಿಲ್ಲೆ ಇದೆ. ಕಂಪನಿ ಅದನ್ನು ಮೆಟಾಮೆಟೀರಿಯಲ್ ಅನ್ನುತ್ತದೆ. ಕಪ್ ಒಳಗೆ ಸದ್ದು ಅತ್ತಿತ್ತ ಬಡಿದು ಕೆಲವು ಸ್ವರಗಳು ಚುಚ್ಚುವ ಹಾಗೆ ಆಗುತ್ತವಲ್ಲ, ಆ ಚೂಪನ್ನು ಅದು ನುಂಗುತ್ತದೆ. ಫಲ ಏನು ಅಂದರೆ ಟ್ರೆಬಲ್ (ಮೇಲಿನ ಸ್ವರಗಳು) ನಯವಾಗಿದೆ, ಎಷ್ಟು ಹೊತ್ತು ಕೇಳಿದರೂ ಕಿವಿ ದಣಿಯುವುದಿಲ್ಲ. ಬೇಸ್ ಕೆಳಗಿನವರೆಗೂ ಸಮವಾಗಿ ಇಳಿಯುತ್ತದೆ. ತಂಬೂರಿಯ ನಾದ ಹಿಂದೆ ಸ್ಥಿರವಾಗಿ ನಿಂತಿರುತ್ತದೆ, ಮುಂದಿನ ಗಾಯಕರನ್ನು ಮುಚ್ಚುವುದಿಲ್ಲ. ಕೊರತೆಯೂ ಇದೆ. ತಬಲಾದ ಡಗ್ಗಾಕ್ಕೆ ಬಿದ್ದ ಏಟು ಎದೆಗೆ ತಟ್ಟುವ ಹಾಗೆ ಬರುವುದಿಲ್ಲ, ತುಸು ಸಭ್ಯವಾಗಿ ಬರುತ್ತದೆ.

ಆ ಏಟು ಬೇಕು ಅನ್ನುವವರಿಗೆ ಸ್ಟೆಲಿಯಾ. ಅದರಲ್ಲಿ 40 ಮಿಮೀ ಬೆರಿಲಿಯಂ ಲೋಹದ ಡ್ರೈವರ್. ಜೀವ ಜಾಸ್ತಿ. ಡ್ರಮ್ಸ್, ಪಿಯಾನೋ ಎದ್ದು ಬಂದ ಹಾಗೆ ಇರುತ್ತವೆ, ಮೊದಲ ಹತ್ತು ನಿಮಿಷಕ್ಕೆ ಮೂರರಲ್ಲಿ ಇದೇ ಗೆಲ್ಲುತ್ತದೆ. ನನಗೆ ಒಂದೆರಡು ಗಂಟೆಯ ನಂತರ ಮೇಲಿನ ಸ್ವರಗಳು ಸ್ವಲ್ಪ ಹರಿತ ಅನ್ನಿಸಿದವು. ನಿಮ್ಮ ಕಿವಿಗೆ ಹಾಗನ್ನಿಸದೇ ಇರಬಹುದು.

ಸೋನಿ ಬೇರೆಯೇ ಜಾತಿ. 70 ಮಿಮೀ ದೊಡ್ಡ ಡ್ರೈವರ್, ಮರದ ತಿರುಳಿನಿಂದ ಮಾಡಿದ ತುಸು ಗಾಳಿಯಾಡುವ ಕವಚ. ಸದ್ದು ಅಗಲವಾಗಿ ಹರಡುತ್ತದೆ, ಬೇಸ್ ಧಾರಾಳ, ಸಿನಿಮಾ ನೋಡುವುದಕ್ಕಂತೂ ಮಜಾ. ಆದರೆ ಕ್ಲೋಸ್ಡ್ ಬ್ಯಾಕ್ ಅಂತ ಹೆಸರಿಗೆ ಇದ್ದರೂ ಹೊರಗಿನ ಗದ್ದಲ ಮಿಕ್ಕ ಎರಡರಷ್ಟು ತಡೆಯುವುದಿಲ್ಲ. ಪಕ್ಕದಲ್ಲಿ ಫೋನಿನಲ್ಲಿ ಮಾತಾಡುವವರಿದ್ದರೆ ಅವರ ಕಥೆಯೂ ನಿಮಗೆ ಗೊತ್ತಾಗುತ್ತದೆ.

ತೂಕ ನೋಡಿದರೆ ಸೋನಿ 385 ಗ್ರಾಂ, ಸ್ಟೆಲ್ತ್ 415, ಸ್ಟೆಲಿಯಾ 435. ಕಾಗದದ ಮೇಲೆ ಸೋನಿಯೇ ಹಗುರ, ಅದರ ಕಪ್ ಕೂಡ ದೊಡ್ಡದು, ಕಿವಿ ಎಲ್ಲೂ ತಾಗುವುದಿಲ್ಲ. ಆದರೂ ನೆತ್ತಿಯ ಮೇಲೆ ಸ್ಟೆಲ್ತ್ ಹಗುರ ಅನ್ನಿಸುತ್ತದೆ. ಅದರಲ್ಲಿ ಕಮಾನಿನ ಕೆಳಗೆ ಬೇರೆ ಪಟ್ಟಿ ಇದೆ, ಭಾರ ಒಂದೇ ಕಡೆ ಕೂರುವುದಿಲ್ಲ. ಸ್ಟೆಲಿಯಾದ ಪ್ಯಾಡ್ ಮೆತ್ತಗೆ, ಬಲು ಚೆಂದ, ಆದರೆ ನನ್ನ ತಲೆಯನ್ನು ಸ್ವಲ್ಪ ಬಿಗಿಯಾಗಿ ಹಿಡಿಯಿತು. ಕನ್ನಡಕದ ಕಡ್ಡಿ ದಪ್ಪ ಇದ್ದರೆ ಕಿವಿಯ ಮೇಲ್ಭಾಗ ನೋಯುತ್ತದೆ. ತೆಳು ತಂತಿಯ ಕಡ್ಡಿಯಾದರೆ ಮೂರೂ ನಡೆಯುತ್ತವೆ. ಚರ್ಮದ ಅಥವಾ ಚರ್ಮದಂಥ ಪ್ಯಾಡ್ ಅಂದಮೇಲೆ ಸೆಕೆಯಲ್ಲಿ ಕಿವಿ ಬೆವರುವುದು ಯಾವುದರಲ್ಲೂ ತಪ್ಪಿದ್ದಲ್ಲ.

ಆಂಪ್ ವಿಷಯ ಹಗುರವಾಗಿ ತಗೋಬೇಡಿ. ಸ್ಟೆಲ್ತ್ ಬರೀ 23 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಹಾಗಾಗಿ ಫೋನಿಗೂ ನಡೆಯುತ್ತದೆ ಅಂದುಕೊಳ್ಳುವವರಿದ್ದಾರೆ. ಓಮ್ ಕಡಿಮೆ ಇದ್ದರೆ ಸಾಲದು, ಸೆನ್ಸಿಟಿವಿಟಿ ನೋಡಬೇಕು, ಅಂದರೆ ಇಷ್ಟು ಪವರ್ ಕೊಟ್ಟರೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು. ಸ್ಟೆಲಿಯಾಗೆ ಒಂದು ಮಿಲಿವ್ಯಾಟ್‌ಗೆ 106 ಡೆಸಿಬೆಲ್. ಸ್ಟೆಲ್ತ್ ಅದಕ್ಕಿಂತ ಬಹಳ ಕೆಳಗೆ. 10 ಡೆಸಿಬೆಲ್ ಕೊರತೆ ತುಂಬಲು ಹತ್ತು ಪಟ್ಟು ಪವರ್ ಬೇಕು ಅಂದರೆ ಲೆಕ್ಕ ಹಾಕಿಕೊಳ್ಳಿ. ಫೋನಿನಿಂದಲೇ ಕೇಳುವುದಾದರೆ ಸುಮ್ನೆ ಸ್ಟೆಲಿಯಾ ತಗೊಳ್ಳಿ.

ಹೋಲಿಸಿ ನೋಡುವಾಗಲೂ ಇದೇ ಮೋಸ ಮಾಡುತ್ತದೆ. ವಾಲ್ಯೂಮ್ ಮುಟ್ಟದೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಸ್ಟೆಲಿಯಾ ತುಂಬಾ ಜೋರಾಗಿರುತ್ತದೆ, ಜೋರಾಗಿರುವುದು ನಮ್ಮ ಕಿವಿಗೆ ಚೆನ್ನಾಗಿರುವ ಹಾಗೆ ಕೇಳಿಸುತ್ತದೆ. ಪ್ರತಿ ಸಲ ಸದ್ದು ಸಮ ಮಾಡಿಕೊಂಡೇ ಕೇಳಿ. ಸಾಧ್ಯವಾದರೆ ಹಾಡು ನಿಲ್ಲಿಸಿ, ಹೆಡ್‌ಫೋನ್ ತಲೆಯ ಮೇಲೇ ಇಟ್ಟುಕೊಂಡು ಅರ್ಧ ಗಂಟೆ ಏನಾದರೂ ಓದಿ. ಎಲ್ಲಿ ಒತ್ತುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು.

ನಿಮ್ಮ ಹತ್ತಿರ ಈಗ ಯಾವ ಆಂಪ್ ಇದೆ ಅಂತ ಪ್ರಶ್ನೆಯಲ್ಲಿ ಇಲ್ಲ. ಅದನ್ನೂ ಸೇರಿಸಿದರೆ ಸ್ಟೆಲ್ತ್‌ಗೆ ಸಾಕಾಗುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.